ಭೂಮಿಯೆಂಬ ಸೂಜಿಗಲ್ಲು

ನಮ್ಮ ಬೀದಿಯಲ್ಲಿ ಎರಡು ಮನೆಗಳಾಚೆ ವಾಸಿಸುವ ಗೃಹಸ್ಥರೊಬ್ಬರು ಕಳೆದ ತಿಂಗಳು ಒಂದು ಸಂಜೆ ಕೈಯಲ್ಲಿ ಕಾಗದವೊಂದನ್ನು ಹಿಡಿದು ನಮ್ಮ ಮನೆಗೆ ಬಂದರು. ಮುಖದಲ್ಲಿ ಸಂತೋಷವೂ ಚಿಂತೆಯೂ ಸಮಸಮವಾಗಿ ಬೆರೆತಿದ್ದುವು. ಅವರ ಮಗಳು ಭೌತಶಾಸ್ತ್ರದಲ್ಲಿ ಎಂ.ಎಸ್‌ಸಿ. ಮುಗಿಸಿ, ಭೂಮಿಯ ಕಾಂತಶಕ್ತಿಯನ್ನು ಕುರಿತು ಸಂಶೋಧನೆಗೆ ತೊಡಗಿ ಎರಡು ವರ್ಷಗಳಾಗಿವೆ. ಪರದೇಶದಲ್ಲಿ ನಡೆಯುವ ಒಂದು ವಾರದ ಬೇಸಿಗೆ ಶಾಲೆಗೆ ಆಕೆಯನ್ನು ಆರಿಸಿರುವುದಾಗಿ ಆ ಕಾಗದದಲ್ಲಿ ಬರೆದಿತ್ತು.

“ಸ್ವಾಮಿ, ಓದು ಮುಗಿಸಿದ ಮಗಳಿಗೆ ಮತ್ತೆ ಶಾಲೆ ಏತಕ್ಕೆ? ಅದೂ ಒಂದು ವಾರದ ಪಾಠಕ್ಕೆ ಸಮುದ್ರ ದಾಟಿ ಹೋಗಬೇಕೆ? ಸೂಜಿ ಉತ್ತರಕ್ಕೆ ತಿರುಗುತ್ತದೆ ಎಂಬುದನ್ನು ನಾವು ಮಿಡ್ಲ್ ಸ್ಕೂಲಿನಲ್ಲಿಯೇ ಓದಿದ್ದೆವು. ಅದರಲ್ಲಿ ಇನ್ನೂ ತಿಳಿಯುವುದಕ್ಕೆ ಏನು ಉಳಿದಿದೆ?” ಎಂದು ಕೇಳಿದರು. ಆಮೇಲೆ ದನಿ ತಗ್ಗಿಸಿ, “ಇವಳ ಜೊತೆಯಲ್ಲಿ ಓದಿದವರೆಲ್ಲ ಕಂಪ್ಯೂಟರ್ ಕಂಪೆನಿಗಳನ್ನು ಸೇರಿ ಕೈತುಂಬ ಸಂಪಾದಿಸುತ್ತಿದ್ದಾರೆ. ಈ ಸೂಜಿಯ ವಿದ್ಯೆಯಿಂದ ಇವಳ ಬಾಳು ಸಾಗುವುದೆ?” ಎಂದರು.

ಮೊದಲಿನ ಪ್ರಶ್ನೆಗಳಿಗೆ ಉತ್ತರ ಹೇಳುವುದು ಸುಲಭ, ಕೊನೆಯದು ಕಷ್ಟ. ಅವರಿಗೆ ಹೇಳಿದುದನ್ನೇ ಈ ತಿಂಗಳು ವಾಚಕರ ಮುಂದೆಯೂ ಇಡುತ್ತೇನೆ. ಇಂತಹ ಕಾಗದ ಇಂದು ಒಂದು ಮನೆಗೆ ಬಂದರೆ ನಾಳೆ ಇನ್ನೊಂದು ಮನೆಗೆ ಬಂದೀತು.

ಭೂಮಿಯು ಒಂದು ದೊಡ್ಡ ಸೂಜಿಗಲ್ಲು ಎಂದು ೧೬೦೦ರಲ್ಲಿ ಗ್ರಂಥ ಬರೆದು ಸಾರಿದವನು ಇಂಗ್ಲೆಂಡಿನ ವೈದ್ಯ ವಿಲಿಯಂ ಗಿಲ್ಬರ್ಟ್. ಆದರೆ ನಮ್ಮ ಕಾಲ ಕೆಳಗೆ ನಿಜವಾದ ಸೂಜಿಗಲ್ಲೇನೂ ಹೂತಿಲ್ಲ. ಕಬ್ಬಿಣವನ್ನು ಕೆಂಪಗೆ ಕಾಯಿಸಿದರೆ ಅದರ ಆಕರ್ಷಣಗುಣ ಹೊರಟುಹೋಗುತ್ತದೆ. ಭೂಗರ್ಭದ ಕಾವಾದರೋ ಅದಕ್ಕಿಂತ ಎಷ್ಟೋ ಪಾಲು ಹೆಚ್ಚು. ಹಾಗಾದರೆ ಸೂಜಿಯನ್ನು ತಿರುಗಿಸುವ ಶಕ್ತಿ ಯಾವುದು? ಸುಮಾರು ೨,೯೦೦ ಕಿಲೋಮೀಟರು ಆಳದಲ್ಲಿ ಕರಗಿದ ಕಬ್ಬಿಣದ ಸಾಗರವೊಂದಿದೆ. ಒಲೆಯ ಮೇಲಿನ ಸಾರಿನಂತೆ ಅದು ಕೆಳಗಿನಿಂದ ಮೇಲಕ್ಕೂ ಮೇಲಿನಿಂದ ಕೆಳಕ್ಕೂ ಸದಾ ಮಗುಚಿಕೊಳ್ಳುತ್ತಿರುತ್ತದೆ. ಭೂಮಿಯು ತನ್ನ ಸುತ್ತ ತಾನೇ ತಿರುಗುತ್ತಿರುವುದರಿಂದ ಆ ಹರಿವು ಸುಳಿಸುಳಿಯಾಗುತ್ತದೆ. ಕಾಂತಕ್ಷೇತ್ರದ ನಡುವೆ ಲೋಹವು ಚಲಿಸಿದರೆ ವಿದ್ಯುತ್ತು ಹುಟ್ಟುತ್ತದೆ. ಆ ವಿದ್ಯುತ್ತು ಪುನಃ ಕಾಂತಕ್ಷೇತ್ರವನ್ನು ಪೋಷಿಸುತ್ತದೆ. ಹಿಂದೆ ಸೈಕಲ್ಲಿನ ದೀಪಕ್ಕೆ ಕಟ್ಟುತ್ತಿದ್ದ ಡೈನಮೋವಿನ ತತ್ವವೇ ಇಲ್ಲಿಯೂ ಕೆಲಸಮಾಡುತ್ತದೆ ಎನ್ನಬಹುದು. ಆ ದ್ರವಸಾಗರದ ನಡುವೆ ಗಟ್ಟಿಯಾದ ತಿರುಳೊಂದು ಇದೆಯೆಂಬುದನ್ನು ಭೂಕಂಪದ ಅಲೆಗಳ ಲೆಕ್ಕದಿಂದ ೧೯೩೬ರಲ್ಲಿ ಕಂಡುಹಿಡಿದವಳು ಡೆನ್ಮಾರ್ಕಿನ ಇಂಗೆ ಲೇಮನ್ ಎಂಬ ವಿದುಷಿ. ಹೆಣ್ಣುಮಕ್ಕಳ ತಂದೆತಾಯಿಗಳು ನೆನಪಿನಲ್ಲಿಡತಕ್ಕ ಹೆಸರು ಅದು.

ಒಲೆಯ ಮೇಲೆ ಮಗುಚುತ್ತಿರುವ ಪಾತ್ರೆಯಲ್ಲಿ ಇಂದಿನ ಸುಳಿ ನಾಳೆ ಅಲ್ಲಿಯೇ ಇರುವುದಿಲ್ಲ. ಆದಕಾರಣ ಭೂಮಿಯ ಕಾಂತಕ್ಷೇತ್ರವೂ ಸ್ಥಿರವಾಗಿಲ್ಲ. ಸೂಜಿ ಉತ್ತರಕ್ಕೆ ತಿರುಗುತ್ತದೆ ಎಂಬ ನಮ್ಮ ಬಾಲ್ಯದ ಪಾಠ ಅರ್ಧ ಸತ್ಯ. ಬೆಂಗಳೂರಿನಲ್ಲಿ ಅದು ನಿಜವಾದ ಉತ್ತರಕ್ಕಿಂತ ಎರಡು ಡಿಗ್ರಿಗೂ ಕಡಿಮೆ ಪಶ್ಚಿಮಕ್ಕೆ ವಾಲಿ ನಿಲ್ಲುತ್ತದೆ. ಆಫ್ರಿಕಾ ಖಂಡದ ದಕ್ಷಿಣ ತುದಿಯಲ್ಲಿ ಸುಮಾರು ೨೫ ಡಿಗ್ರಿ ವಾಲುತ್ತದೆ. ೧೮೩೧ರಲ್ಲಿ ಜೇಮ್ಸ್ ಕ್ಲಾರ್ಕ್ ರಾಸ್ ಎಂಬ ನಾವಿಕನು ಉತ್ತರ ಕಾಂತಧ್ರುವವನ್ನು ಕೆನಡಾದ ಹಿಮಪ್ರದೇಶದಲ್ಲಿ ಕಂಡನು. ಅದು ಅಲ್ಲಿಂದ ಹೊರಟು ಈಗ ಸೈಬೀರಿಯದ ಕಡೆಗೆ ಸಾಗುತ್ತಿದೆ. ಹಡಗು ವಿಮಾನಗಳವರೂ, ನಮ್ಮ ಕೈಯಲ್ಲಿರುವ ಮೊಬೈಲಿನ ದಿಕ್ಸೂಚಿಯೂ ಅವಲಂಬಿಸಿರುವ ಜಾಗತಿಕ ಕಾಂತನಕ್ಷೆಯನ್ನು ಐದು ವರ್ಷಗಳಿಗೊಮ್ಮೆ ಹೊಸದಾಗಿ ರಚಿಸಬೇಕಾಗುತ್ತದೆ. ಧ್ರುವದ ನಡಿಗೆ ನಿರೀಕ್ಷೆಗಿಂತ ಬೇರೆಯಾದುದರಿಂದ ೨೦೧೯ರಲ್ಲಿ ಅವಧಿಗೆ ಮುಂಚೆಯೇ ಅದನ್ನು ತಿದ್ದಬೇಕಾಯಿತು. ಕಳೆದ ಎರಡು ಶತಮಾನಗಳಲ್ಲಿ ಭೂಮಿಯ ಒಟ್ಟು ಕಾಂತಬಲ ಸುಮಾರು ನೂರಕ್ಕೆ ಒಂಬತ್ತರಷ್ಟು ಕುಗ್ಗಿದೆ. ಮುಂದೆ ಹೇಗೋ ಯಾರೂ ಅರಿಯರು. ಅಳೆದು ಬರೆಯುತ್ತ ಹೋಗುವುದೊಂದೇ ದಾರಿ.

ಈಗ ಶಾಲೆಯ ವಿಷಯ. ಭೂಕಾಂತವನ್ನೂ ಮೇಲಣ ವಾಯುಮಂಡಲವನ್ನೂ ಅಭ್ಯಾಸಮಾಡುವ ವಿದ್ವಾಂಸರ ಅಂತರರಾಷ್ಟ್ರೀಯ ಸಂಘವೊಂದುಂಟು; ಅದರ ಹೆಸರಿನ ಮೊದಲಕ್ಷರಗಳನ್ನು ಕೂಡಿಸಿ ಅದನ್ನು ‘ಐಯಾಗಾ’ ಎಂದು ಕರೆಯುವರು. ಆ ಸಂಘದ ಮಹಾಸಭೆ ಎರಡು ವರ್ಷಗಳಿಗೊಮ್ಮೆ ಒಂದೊಂದು ದೇಶದಲ್ಲಿ ಕೂಡುತ್ತದೆ. ಅದಕ್ಕೆ ಹೊಂದಿಕೊಂಡು, ಸಂಶೋಧನೆಯಲ್ಲಿ ಹೊಸದಾಗಿ ಕಾಲಿಟ್ಟವರಲ್ಲಿ ಕೆಲವೇ ಮಂದಿಯನ್ನು ಆರಿಸಿ ಪಾಠಹೇಳುವ ಪದ್ಧತಿಯನ್ನು ಸಂಘದವರು ಇಟ್ಟುಕೊಂಡಿದ್ದಾರೆ. ೨೦೧೭ರಲ್ಲಿ ಮಹಾಸಭೆ ದಕ್ಷಿಣ ಆಫ್ರಿಕಾದ ಕೇಪ್‌ಟೌನ್ ನಗರದಲ್ಲಿ ಸೇರಿದಾಗ ಶಾಲೆಯು ಅಲ್ಲಿಗೆ ಸಮೀಪದ ಹರ್ಮನಸ್ ಎಂಬ ಕಡಲತೀರದ ಊರಿನ ಕಾಂತವೀಕ್ಷಣಾಲಯದಲ್ಲಿ ನಡೆಯಿತು. ಹೆಸರಿಗೆ ಬೇಸಿಗೆ ಶಾಲೆ. ಆದರೆ ಆಗಸ್ಟ್ ತಿಂಗಳು ಅಲ್ಲಿ ಚಳಿಗಾಲ. ತಿಮಿಂಗಿಲಗಳು ತಣ್ಣೀರಿನ ದಕ್ಷಿಣ ಸಮುದ್ರದಿಂದ ಬಂದು ಊರಿನ ಮುಂದಿನ ಕೊಲ್ಲಿಯಲ್ಲಿ ಮರಿಹಾಕುವ ಕಾಲ.

ಆ ವೀಕ್ಷಣಾಲಯದ ಇತಿಹಾಸವೇ ವಿದ್ಯಾರ್ಥಿಗಳಿಗೆ ಒಂದು ಪಾಠ. ಮೊದಲು ಅದು ೧೯೩೨ರಲ್ಲಿ ಕೇಪ್‌ಟೌನಿನ ವಿಶ್ವವಿದ್ಯಾನಿಲಯದಲ್ಲಿ ಹುಟ್ಟಿತು. ಆ ನಗರದ ರೈಲುಗಳು ವಿದ್ಯುತ್ತಿನಿಂದ ಓಡತೊಡಗಿದುವು. ಹಳಿಗಳಿಂದ ನೆಲಕ್ಕೆ ಸೋರಿದ ವಿದ್ಯುತ್ತು ಸೂಜಿಗಳನ್ನು ನಡುಗಿಸಿತು. ಆದ್ದರಿಂದ ೧೯೪೧ರಲ್ಲಿ ಅದು ಹರ್ಮನಸಿಗೆ ವಲಸೆ ಹೋಯಿತು. ಆ ಊರಿನಲ್ಲಿ ರೈಲು ನಿಲ್ದಾಣವೆಂಬ ಕಟ್ಟಡವೊಂದಿದೆ. ಹಳಿಗಳು ಮಾತ್ರ ಎಂದೂ ಬರಲಿಲ್ಲ. ರೈಲಿಲ್ಲದ ನಿಲ್ದಾಣವನ್ನು ನೋಡಿ ಪ್ರವಾಸಿಗಳು ನಗುವರು. ಸೂಜಿಯನ್ನು ಕಾಯುವವರಿಗೆ ಮಾತ್ರ ಅದು ದೊಡ್ಡ ಅನುಕೂಲವೇ ಆಯಿತು.

ಇಂತಹ ವಲಸೆ ಎಲ್ಲ ದೇಶಗಳಲ್ಲಿಯೂ ನಡೆದಿದೆ. ಜರ್ಮನಿಯಲ್ಲಿ ಪಾಟ್ಸ್‌ಡಾಮ್ ನಗರದ ವೀಕ್ಷಣಾಲಯವು ೧೯೦೭ರಲ್ಲಿ ಸೆಡ್ಡಿನ್ ಎಂಬಲ್ಲಿಗೂ, ಅಲ್ಲಿಂದ ೧೯೩೦ರಲ್ಲಿ ನೀಮೆಕ್ ಎಂಬ ಚಿಕ್ಕ ಊರಿಗೂ ಓಡಿತು. ನಮ್ಮ ದೇಶದ ಕಥೆಯೂ ಅದೇ. ಮುಂಬಯಿಯ ಕೊಲಾಬಾದಲ್ಲಿ ೧೮೪೧ರಿಂದ ಸೂಜಿಯ ಲೆಕ್ಕ ಬರೆಯುತ್ತಿದ್ದರು. ನಗರಕ್ಕೆ ವಿದ್ಯುತ್ ಟ್ರಾಮು ಬರುವುದೆಂದು ಗೊತ್ತಾದಾಗ, ಅಲ್ಲಿನ ಮೊದಲ ಭಾರತೀಯ ನಿರ್ದೇಶಕರಾಗಿದ್ದ ನಾನಾಭಾಯಿ ಆರ್ದೇಶಿರ್ ಫ್ರಾಮ್‌ಜಿ ಮೂಸ್ ಎಂಬವರು ಕೊಲ್ಲಿಯ ಆಚೆಯ ಅಲಿಬಾಗಿನಲ್ಲಿ ಕಬ್ಬಿಣದ ಸೋಂಕಿಲ್ಲದ ಕಟ್ಟಡವನ್ನು ಎಬ್ಬಿಸಿ, ೧೯೦೪ರಲ್ಲಿ ಕೆಲಸವನ್ನು ಆರಂಭಿಸಿದರು. ಅವರ ದೂರದೃಷ್ಟಿಯನ್ನು ನೋಡಿರಿ: ಹಳೆಯದನ್ನು ಒಡನೆಯೇ ಮುಚ್ಚದೆ, ಎರಡು ವರ್ಷ ಎರಡು ಕಡೆಯೂ ಅಳತೆ ನಡೆಯುವಂತೆ ಏರ್ಪಡಿಸಿದರು. ಹಳೆಯ ಲೆಕ್ಕಕ್ಕೂ ಹೊಸ ಲೆಕ್ಕಕ್ಕೂ ಇರುವ ವ್ಯತ್ಯಾಸ ಹೀಗೆ ತಿಳಿದುಬಂದು, ಕೊಂಡಿ ತಪ್ಪದೆ ಸರಪಳಿ ಮುಂದುವರಿಯಿತು. ಅದು ಇಂದಿಗೂ ಮುಂದುವರಿಯುತ್ತಿದೆ.

ಇಂತಹ ಶಾಲೆಗಳಲ್ಲಿ ಕಲಿಸುವ ಮುಖ್ಯ ವಿದ್ಯೆಗಳಲ್ಲಿ ಒಂದು ಕೈಯಿಂದ ಅಳೆಯುವುದು. ಯಂತ್ರಗಳು ಕ್ಷಣಕ್ಷಣವೂ ತಾವೇ ದಾಖಲಿಸುವಾಗ ಕೈಯ ಅಳತೆ ಏಕೆ ಎಂದು ಕೇಳಬಹುದು. ಯಂತ್ರಗಳು ಏರಿಳಿತವನ್ನು ಚೆನ್ನಾಗಿ ಬರೆಯುತ್ತವೆ. ಆದರೆ ಚಳಿಬಿಸಿಲುಗಳಿಂದಲೂ, ನಿಲ್ಲಿಸಿರುವ ಕಂಬವು ಕೂದಲೆಳೆಯಷ್ಟು ವಾಲುವುದರಿಂದಲೂ ಅವುಗಳ ಲೆಕ್ಕ ತಿಂಗಳುಗಳಲ್ಲಿ ಮೆಲ್ಲನೆ ಜಾರುತ್ತದೆ. ಅಂಗಡಿಯ ತೂಕದ ಬಟ್ಟುಗಳನ್ನು ಆಗಾಗ ಪರೀಕ್ಷಿಸಿ ಮುದ್ರೆಯೊತ್ತುವಂತೆ, ವಾರಕ್ಕೊಮ್ಮೆಯಾದರೂ ಮನುಷ್ಯನೊಬ್ಬನು ಕುಳಿತು ಸರಿಯಾದ ಅಳತೆ ತೆಗೆದು ಯಂತ್ರದ ಲೆಕ್ಕವನ್ನು ತಿದ್ದಬೇಕು.

ಅಳತೆಯ ಕೋಣೆಗೆ ಹೋಗುವ ಮೊದಲು ಕೈಗಡಿಯಾರ, ಬೀಗದ ಕೈ, ನಡುಪಟ್ಟಿಯ ಕೊಕ್ಕೆ, ಕೂದಲಿನ ಪಿನ್ನು, ಮೊಬೈಲು ಎಲ್ಲವನ್ನೂ ಹೊರಗೆ ಬಿಡಬೇಕು. ದೇವರ ಮನೆಗೆ ಮಡಿಯುಟ್ಟು ಹೋಗುವಂತೆ ಇಲ್ಲಿಯೂ ಒಂದು ಮಡಿ. ಮೈಲಿಗೆ ಮಾತ್ರ ಕಬ್ಬಿಣದ್ದು. ಒಳಗೆ ಕಲ್ಲಿನ ಕಂಬದ ಮೇಲೆ ಥಿಯೊಡೊಲೈಟ್ ಎಂಬ ಕೋನಮಾಪಕ ಯಂತ್ರವಿರುತ್ತದೆ. ಅದರ ದುರ್ಬೀನಿನ ಬೆನ್ನಿಗೆ ಕಾಂತಬಲವನ್ನು ಗ್ರಹಿಸುವ ಚಿಕ್ಕ ಕಡ್ಡಿಯೊಂದನ್ನು ಕಟ್ಟಿರುತ್ತಾರೆ. ಕಿಟಕಿಯಿಂದಾಚೆ ದೂರದಲ್ಲಿ ನೆಟ್ಟಿರುವ ಗುರುತನ್ನು ಮೊದಲು ನೋಡಿಕೊಂಡು ದಿಕ್ಕನ್ನು ಸ್ಥಾಪಿಸಿಕೊಳ್ಳಬೇಕು. ಬಳಿಕ ಕಡ್ಡಿಯು ಶೂನ್ಯ ತೋರಿಸುವ ಕೋನವನ್ನು ಹುಡುಕಬೇಕು. ಒಮ್ಮೆ ಹುಡುಕಿದರೆ ಸಾಲದು. ಕಡ್ಡಿಯನ್ನು ಮೇಲೆ, ಕೆಳಗೆ, ಈ ಪಕ್ಕಕ್ಕೆ, ಆ ಪಕ್ಕಕ್ಕೆ ತಿರುಗಿಸಿ ನಾಲ್ಕು ಸಲ ನೋಡಬೇಕು. ತಕ್ಕಡಿಯಲ್ಲಿ ಸಂಶಯ ಬಂದಾಗ ತಟ್ಟೆಗಳನ್ನು ಅದಲುಬದಲು ಮಾಡಿ ತೂಗುವೆವಲ್ಲವೆ? ಯಂತ್ರದ ದೋಷವು ಒಂದು ಸಲ ಕೂಡಿದರೆ ಇನ್ನೊಂದು ಸಲ ಕಳೆದು ಸರಾಸರಿಯಲ್ಲಿ ಸತ್ಯ ಉಳಿಯುತ್ತದೆ. ಕರ್ನಾಟಕದಲ್ಲಿ ಭೂಮಿಯ ಕಾಂತಬಲ ಸುಮಾರು ೪೧,೦೦೦ ನ್ಯಾನೋಟೆಸ್ಲಾ; ವೀಕ್ಷಣಾಲಯದವರು ಬಯಸುವ ನಿಖರತೆ ಒಂದು ನ್ಯಾನೋಟೆಸ್ಲಾ. ಹೊರಗೆ ಸಮೀಪದಲ್ಲಿ ಕಾರೊಂದು ಬಂದು ನಿಂತರೂ ಲೆಕ್ಕ ಕೆಡುತ್ತದೆ. ಈ ಹಸ್ತಕೌಶಲವನ್ನು ಪುಸ್ತಕ ಓದಿ ಕಲಿಯುವುದಾಗದು. ನೂರಾರು ಸಲ ಮಾಡಿದವರ ಪಕ್ಕದಲ್ಲಿ ನಿಂತು ನೋಡಿ, ತಾನೂ ತಪ್ಪುತ್ತ ಕಲಿಯಬೇಕು. ವೀಣೆಯನ್ನು ಕಲಿಯುವುದಕ್ಕೆ ಗುರುವಿನ ಮನೆಗೆ ಹೋಗುವುದಿಲ್ಲವೆ?

ಇದಲ್ಲದೆ ಶಾಲೆಯಲ್ಲಿ ಇನ್ನೊಂದು ಲಾಭವಿದೆ. ಈ ಶಾಸ್ತ್ರ ಬಹಳ ಕವಲುಗಳಾಗಿ ಒಡೆದಿದೆ. ಒಬ್ಬನು ಭೂಗರ್ಭದ ಹರಿವನ್ನು ಗಣಿಸುತ್ತಾನೆ. ಒಬ್ಬಳು ಸೂರ್ಯನಿಂದ ಬೀಸುವ ಕಣಗಳ ಗಾಳಿಯನ್ನು ಅಭ್ಯಾಸಮಾಡುತ್ತಾಳೆ. ಮತ್ತೊಬ್ಬರು ಕಲ್ಲುಗಳನ್ನು ಓದುತ್ತಾರೆ. ಲಾವಾ ಆರಿ ಗಟ್ಟಿಯಾಗುವಾಗ ಅದರೊಳಗಿನ ಕಬ್ಬಿಣದ ಕಣಗಳು ಅಂದಿನ ಕಾಂತದಿಕ್ಕನ್ನು ಹಿಡಿದಿಟ್ಟುಕೊಳ್ಳುತ್ತವೆ. ನಮ್ಮ ಮಲ್ಪೆಯ ಕಡಲಿನಲ್ಲಿ ಕಂಬಗಳನ್ನು ಜೋಡಿಸಿಟ್ಟಂತೆ ನಿಂತಿರುವ ಸೇಂಟ್ ಮೇರಿ ದ್ವೀಪದ ಕಪ್ಪು ಶಿಲೆಗಳನ್ನು ವಾಚಕರಲ್ಲಿ ಹಲವರು ನೋಡಿರಬಹುದು. ಅವು ಸುಮಾರು ಒಂಬತ್ತು ಕೋಟಿ ವರ್ಷಗಳ ಹಿಂದಿನ ಲಾವಾ. ಭಾರತವು ಆಗ ಮಡಗಾಸ್ಕರ್ ದ್ವೀಪದಿಂದ ಅಗಲುತ್ತ, ಭೂಮಧ್ಯರೇಖೆಯ ದಕ್ಷಿಣದಲ್ಲಿತ್ತೆಂಬುದಕ್ಕೆ ಆ ಕಲ್ಲಿನೊಳಗಿನ ಕಾಂತದಿಕ್ಕೂ ಒಂದು ಸಾಕ್ಷಿ. ಉತ್ತರ ದಕ್ಷಿಣ ಧ್ರುವಗಳು ತಮ್ಮ ಸ್ಥಾನಗಳನ್ನು ಅದಲುಬದಲು ಮಾಡಿಕೊಂಡಿರುವುದೂ ಇಂತಹ ಶಿಲೆಗಳಿಂದಲೇ ತಿಳಿದದ್ದು. ಕೊನೆಯ ಸಲ ಹಾಗಾದದ್ದು ಸುಮಾರು ಏಳು ಲಕ್ಷ ಎಂಬತ್ತು ಸಾವಿರ ವರ್ಷಗಳ ಹಿಂದೆ. ಕಲ್ಲು ಓದುವವನು, ಸೂರ್ಯನನ್ನು ನೋಡುವವಳು, ಸೂಜಿ ಕಾಯುವವನು ಒಂದೇ ಊಟದ ಮೇಜಿನಲ್ಲಿ ವಾರಪೂರ್ತಿ ಕುಳಿತಾಗ ಒಬ್ಬರ ತೊಡಕಿಗೆ ಇನ್ನೊಬ್ಬರಲ್ಲಿ ಉತ್ತರ ದೊರೆಯುವುದುಂಟು.

“ಇದೆಲ್ಲ ಸರಿ, ಲೋಕಕ್ಕೆ ಇದರಿಂದ ಪ್ರಯೋಜನವೇನು?” ಎಂದರು ನಮ್ಮ ಗೃಹಸ್ಥರು.

ಅದಕ್ಕೆ ಕೊಲಾಬಾದ ಒಂದು ದಿನದ ಕಥೆಯನ್ನು ಹೇಳಿದೆನು. ೧೮೫೯ನೆಯ ಸೆಪ್ಟೆಂಬರ್ ೨ರಂದು, ಸೂರ್ಯನಲ್ಲಾದ ಮಹಾಸ್ಫೋಟದ ಫಲವಾಗಿ ಭೂಮಿಯ ಕಾಂತಕ್ಷೇತ್ರದಲ್ಲಿ ಬಿರುಗಾಳಿಯೆದ್ದಿತು. ದೂರದ ದೇಶಗಳಲ್ಲಿ ಟೆಲಿಗ್ರಾಫ್ ತಂತಿಗಳಿಂದ ಕಿಡಿಗಳು ಹಾರಿದುವು. ಕೊಲಾಬಾದ ನೌಕರರು ಸೂಜಿಯನ್ನು ಕಣ್ಣಿನಿಂದ ನೋಡಿ ಒಂದೊಂದಾಗಿ ಅಂಕಿಗಳನ್ನು ಬರೆದಿಟ್ಟರು. ಕಾಂತಬಲ ಸುಮಾರು ೧,೬೦೦ ನ್ಯಾನೋಟೆಸ್ಲಾದಷ್ಟು ಕುಸಿದುದು ಆ ಪುಸ್ತಕದಲ್ಲಿ ದಾಖಲಾಯಿತು. ೧೪೪ ವರ್ಷಗಳಾದ ಮೇಲೆ, ೨೦೦೩ರಲ್ಲಿ, ವಿಜ್ಞಾನಿಗಳು ಆ ಅಂಕಿಗಳನ್ನು ಮರಳಿ ಪರಿಶೀಲಿಸಿ, ಆ ಬಿರುಗಾಳಿಯ ಬಲವೆಷ್ಟೆಂದು ಲೆಕ್ಕಹಾಕಿದರು. ಅಂತಹುದೊಂದು ಇಂದು ಬೀಸಿದರೆ ವಿದ್ಯುತ್ ಜಾಲಗಳೂ ಉಪಗ್ರಹಗಳೂ ಏನಾಗಬಹುದೆಂಬ ಚಿಂತನೆಗೆ ಆ ಪುಟವೇ ಆಧಾರ. ಅದಕ್ಕಿಂತ ಚಿಕ್ಕದಾದ ೧೯೮೯ನೆಯ ಮಾರ್ಚಿಯ ಬಿರುಗಾಳಿಯಲ್ಲಿಯೇ ಕೆನಡಾದ ಕ್ವಿಬೆಕ್ ಪ್ರಾಂತದ ಅರುವತ್ತು ಲಕ್ಷ ಜನರು ಸುಮಾರು ಒಂಬತ್ತು ಗಂಟೆಗಳ ಕಾಲ ದೀಪವಿಲ್ಲದೆ ಕಳೆದರು. ೨೦೨೪ನೆಯ ಮೇ ತಿಂಗಳ ಬಿರುಗಾಳಿಯ ರಾತ್ರಿ, ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯವರು ಲಡಾಖಿನ ಹಾನ್ಲೆಯಲ್ಲಿ ಇಟ್ಟಿರುವ ಕ್ಯಾಮೆರಾಗಳಲ್ಲಿ ಧ್ರುವಪ್ರದೇಶದ ಕೆಂಬೆಳಕು ಕಾಣಿಸಿಕೊಂಡಿತು.

ಆ ಅಂಕಿಗಳನ್ನು ಬರೆದ ನೌಕರರಿಗೆ ಅದರ ಪ್ರಯೋಜನ ಗೊತ್ತಿರಲಿಲ್ಲ. ತಮ್ಮ ಸರದಿಯ ಕೆಲಸವನ್ನು ನಿಷ್ಠೆಯಿಂದ ಮಾಡಿದರು, ಅಷ್ಟೆ. ಅದೇ ಸೆಪ್ಟೆಂಬರ್ ೨ರಂದು, ೨೦೨೩ರಲ್ಲಿ, ಭಾರತದ ಆದಿತ್ಯ ನೌಕೆಯು ಸೂರ್ಯನ ಕಡೆಗೆ ಹೊರಟಿತು. ಭೂಮಿಯಿಂದ ಹದಿನೈದು ಲಕ್ಷ ಕಿಲೋಮೀಟರು ದೂರದಲ್ಲಿ ನಿಂತು, ಸೂರ್ಯನಿಂದ ಬೀಸುವ ಗಾಳಿಯ ಕಾಂತಬಲವನ್ನು ಅಳೆಯುವ ಅದರ ಉಪಕರಣ ಸಿದ್ಧವಾದದ್ದು ಬೆಂಗಳೂರಿನಲ್ಲಿ. ಆಕಾಶದಲ್ಲಿ ಅಷ್ಟು ದೊಡ್ಡ ಯಂತ್ರವಿದ್ದರೂ ನೆಲದ ಮೇಲೆ ಸೂಜಿ ಕಾಯುವವರು ಬೇಡವಾಗಿಲ್ಲ. ಉಪಗ್ರಹದ ಆಯುಸ್ಸು ಕೆಲವು ವರ್ಷ. ಒಂದೇ ಸ್ಥಳದಲ್ಲಿ ನಿಂತು ನೂರು ವರ್ಷ ಲೆಕ್ಕ ಬರೆಯುವುದು ವೀಕ್ಷಣಾಲಯಕ್ಕೆ ಮಾತ್ರ ಸಾಧ್ಯ. ಹರ್ಮನಸಿನಲ್ಲಿ ೧೯೪೧ರಿಂದ ಈಚೆಗೆ ಕಾಂತಬಲವು ಸುಮಾರು ಐದರಲ್ಲಿ ಒಂದು ಪಾಲು ಕುಗ್ಗಿರುವುದು ಹೀಗೆಯೇ ಗೊತ್ತಾದದ್ದು. ಒಂದು ತಲೆಮಾರು ಕಲಿಯದೆ ಬಿಟ್ಟರೆ ಆ ಕಾಲದ ಪುಟಗಳು ಬರಿದಾಗುತ್ತವೆ. ಹಣ ಸುರಿದರೂ ಕಳೆದುಹೋದ ದಿನದ ಅಳತೆಯನ್ನು ಹಿಂದಕ್ಕೆ ಹೋಗಿ ತೆಗೆಯಲಾಗದು.

ಇಲ್ಲಿ ಅವರ ಮನೆಯ ಹಿರಿಯ ಮುತ್ತೈದೆಯರ ಪ್ರಶ್ನೆಯೊಂದನ್ನೂ ಅವರು ತಂದಿದ್ದರು: ಉತ್ತರಕ್ಕೆ ತಲೆಹಾಕಿ ಮಲಗಬಾರದೆಂಬುದಕ್ಕೆ ಈ ಕಾಂತಶಕ್ತಿಯೇ ಕಾರಣವಂತೆ, ನಿಜವೆ? ಭೂಮಿಯ ಕಾಂತಬಲ, ಮಕ್ಕಳು ಆಡುವ ಸಣ್ಣ ಸೂಜಿಗಲ್ಲಿನ ಬಲಕ್ಕಿಂತಲೂ ಬಹಳ ಕಡಿಮೆ. ಮಲಗುವ ದಿಕ್ಕಿನಿಂದ ಅದು ಮನುಷ್ಯನಿಗೆ ಕೇಡು ಮಾಡುವುದೆಂಬುದಕ್ಕೆ ಪ್ರಮಾಣ ದೊರೆತಿಲ್ಲ. ಹಿರಿಯರ ಆಚಾರವನ್ನು ಆಚಾರವೆಂದೇ ಗೌರವದಿಂದ ನಡೆಸಬಹುದು. ವಿಜ್ಞಾನ ಹೇಳದೆ ಇರುವುದನ್ನು ವಿಜ್ಞಾನದ ಬಾಯಿಯಿಂದ ಹೇಳಿಸುವುದು ಬೇಡ.

ಇನ್ನು ಜೀವನೋಪಾಯದ ಪ್ರಶ್ನೆ. ಈ ವಿದ್ಯೆ ಕೈತುಂಬ ಹಣ ತರುವುದೆಂದು ನಾನು ಹೇಳಲಿಲ್ಲ, ಹೇಳಿದ್ದರೆ ಸುಳ್ಳಾಗುತ್ತಿತ್ತು. ಸಂಶೋಧನಾಲಯಗಳಲ್ಲಿ ಸ್ಥಳಗಳು ಕಡಿಮೆ, ಕಾಯಬೇಕಾದೀತು. ಆದರೆ ಕಾಂತಮಾಪನ ಬಲ್ಲವರು ಖನಿಜಗಳ ಶೋಧನೆಯಲ್ಲಿಯೂ, ತೈಲಬಾವಿಗಳನ್ನು ಓರೆಯಾಗಿ ಕೊರೆಯುವಲ್ಲಿಯೂ, ಉಪಗ್ರಹಗಳ ಕೆಲಸದಲ್ಲಿಯೂ ಬೇಕಾಗುತ್ತಾರೆ. ಎಲ್ಲಕ್ಕಿಂತ ಮೊದಲು ಮಗಳನ್ನೇ ಕೇಳಬೇಕೆಂದು ಹೇಳಿ, ಅವರೊಡನೆ ಅವರ ಮನೆಗೆ ಹೋದೆನು.

ಅವರು ಎಂದಿನಂತೆ ನಡುಮನೆಯ ಉಯ್ಯಾಲೆಯ ಮೇಲೆ ಕುಳಿತರು. ಹುಡುಗಿ ಒಳಗಿನಿಂದ ಹಿತ್ತಾಳೆಯ ಡಬ್ಬಿಯೊಂದನ್ನು ತಂದಳು. ಅದು ಸರ್ವೆ ಇಲಾಖೆಯಲ್ಲಿದ್ದ ಅವಳ ಅಜ್ಜನ ದಿಕ್ಸೂಚಿ.

“ಅದು ಕೆಟ್ಟುಹೋಗಿದೆ, ಮಗು. ಇಪ್ಪತ್ತು ವರ್ಷಗಳಿಂದ ನೋಡುತ್ತಿದ್ದೇನೆ, ಮೂಲೆಗೆ ಮುಖಮಾಡಿ ನಿಲ್ಲುತ್ತದೆ” ಎಂದರು ತಂದೆ.

“ಕೆಟ್ಟಿಲ್ಲ ಅಪ್ಪ. ನೀವು ಯಾವಾಗಲೂ ಇಲ್ಲಿಯೇ ಕುಳಿತು ನೋಡಿದ್ದೀರಿ. ಉಯ್ಯಾಲೆಯ ಸರಪಳಿ ಕಬ್ಬಿಣದ್ದು” ಎಂದು ಹೇಳಿ, ಆಕೆ ಅದನ್ನು ಹಿತ್ತಲಿಗೆ ಒಯ್ದು ತುಳಸಿಕಟ್ಟೆಯ ಮೇಲೆ ಇಟ್ಟಳು. ಸೂಜಿ ಎರಡು ಸಲ ತೂಗಾಡಿ, ಉತ್ತರಕ್ಕೆ ನಿಂತಿತು. ತಂದೆ ಬಹಳ ಹೊತ್ತು ಅದನ್ನೇ ನೋಡುತ್ತಿದ್ದರು. ಕೊನೆಗೆ, “ನಮ್ಮಪ್ಪನ ಮೇಲೆ ಸುಮ್ಮನೆ ತಪ್ಪು ಹೊರಿಸಿದ್ದೆನಲ್ಲ” ಎಂದು ನಕ್ಕು, “ಪಾಸ್‌ಪೋರ್ಟಿಗೆ ಯಾವತ್ತು ಹೋಗಬೇಕು?” ಎಂದು ಕೇಳಿದರು.

ವಾಚಕರ ಮನೆಯಲ್ಲಿ ದಿಕ್ಸೂಚಿ ಇಲ್ಲದಿದ್ದರೂ ಚಿಂತೆಯಿಲ್ಲ. ಹೊಲಿಗೆಯ ಸೂಜಿಯೊಂದನ್ನು ಸೂಜಿಗಲ್ಲಿನ ಒಂದು ತುದಿಯಿಂದ ಒಂದೇ ದಿಕ್ಕಿಗೆ ಐವತ್ತು ಸಲ ತೀಡಿ, ತೆಳುವಾದ ಬೆಂಡಿನ ಮೇಲಿಟ್ಟು, ಹಿತ್ತಾಳೆಯ ತಟ್ಟೆಯ ನೀರಿನಲ್ಲಿ ತೇಲಿಬಿಡಿರಿ. ತಟ್ಟೆಯನ್ನು ಮನೆಯ ಬೇರೆ ಬೇರೆ ಕಡೆಗಳಲ್ಲಿ ಇಟ್ಟು, ಸೂಜಿ ಎಲ್ಲಿ ದಾರಿ ತಪ್ಪುತ್ತದೆ ಎಂಬುದನ್ನು ಮಕ್ಕಳಿಂದ ಬರೆಯಿಸಿರಿ. ಬರೆದ ಹಾಳೆಯ ಮೇಲೆ ದಿನಾಂಕವನ್ನು ಹಾಕುವುದನ್ನು ಮಾತ್ರ ಮರೆಯಬೇಡಿರಿ. ಅಳತೆಯಷ್ಟೇ ಅದೂ ಮುಖ್ಯ.